ಪರಿಮಳ ಯಾರದು?

ದೇವರಿಗೆ ಸಲ್ಲಿಸುವ ಪಂಚೋಪಚಾರಗಳು ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳೆಂಬುದು ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ತಿಳಿದ ವಿಷಯ. ಆದರೆ ಈ ಐದರಲ್ಲಿ ಮೊದಲಿನ ಮೂರೂ ಘ್ರಾಣೇಂದ್ರಿಯಕ್ಕೆ ಸಂಬಂಧಪಟ್ಟವು ಎಂಬುದನ್ನು ನಾವು ಅಷ್ಟಾಗಿ ಗಮನಿಸಿರುವುದಿಲ್ಲ. ಕಣ್ಣು ಕಾಣಬಾರದ್ದನ್ನು ಕಾಣದಿರಲಿ, ಕಿವಿ ಕೇಳಬಾರದ್ದನ್ನು ಕೇಳದಿರಲಿ, ನಾಲಗೆ ನಿಯಮ ತಪ್ಪದಿರಲಿ ಎಂದು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮೂಗಿನ ಧರ್ಮಾಧರ್ಮಗಳ ಬಗೆಗೆ ಕೇಳುವುದು ಬಹಳ ಕಡಮೆ. ಮೂಗು ನಿರಪರಾಧಿಯಾದ ಇಂದ್ರಿಯವೆಂದೇ ನಾವೂ ತಿಳಿದಿದ್ದೆವು. ಕಳೆದ ಧನುರ್ಮಾಸದಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವು ಆ ತಿಳಿವಳಿಕೆಯನ್ನು ಅಲುಗಾಡಿಸಿತು. ದೇವರ ಸನ್ನಿಧಿಯಲ್ಲಿ ಹೊಗೆಯಾಗಿ ಏಳಬೇಕಾದ ಧೂಪದ ಪರಿಮಳವನ್ನು ನಾವು ನಮ್ಮ ಮೈಗೆ ಪೂಸಿಕೊಂಡು ಸಂತೋಷಪಡಬಹುದೇ, ಪಡುವುದಾದರೆ ಯಾವ ಕ್ರಮದಿಂದ ಎಂಬ ಪ್ರಶ್ನೆಯನ್ನು ಸಜ್ಜನರ ಮುಂದಿಟ್ಟು, ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಹುಟ್ಟಿ ಬೆಳೆದದ್ದು ಅರ್ಚಕರ ಮನೆಯಲ್ಲಿ. ಐದಾರು ವರ್ಷದವರಿದ್ದಾಗಲೇ ಹೂವಿನ ಬುಟ್ಟಿಯನ್ನು ಹಿಡಿದು ತಂದೆಯವರ ಹಿಂದೆ ದೇವಾಲಯಕ್ಕೆ ಹೋಗುವ ಅಭ್ಯಾಸ. ಒಂದು ದಿನ ದಾರಿಯಲ್ಲಿ ಆಸೆ ತಡೆಯಲಾರದೆ ಬುಟ್ಟಿಯೊಳಗಿನ ಸಂಪಿಗೆಯೊಂದನ್ನು ಮೂಗಿನ ಬಳಿಗೆ ಹಿಡಿದೆವು. ತಂದೆಯವರು ಅದನ್ನು ಕಂಡರು. ಗದರಿಸಲಿಲ್ಲ. ಆ ಹೂವನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟು, "ಇದು ಇನ್ನು ನಿನ್ನದಾಯಿತು ಮಗೂ, ದೇವರದಲ್ಲ" ಎಂದರು. ಆಘ್ರಾಣಿಸಿದ ಹೂವು ಪೂಜೆಗೆ ಅರ್ಹವಲ್ಲವೆಂಬ ನಿಯಮವನ್ನು ನಾವು ಕಲಿತದ್ದು ಹಾಗೆ. ಕೈಗೆ ಬಂದ ಆ ಸಂಪಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಅಂದು ಅಳು ಬಂದಿತ್ತು. ನಮಗೆ ಸಿಕ್ಕಿದ ವಸ್ತುವೇ ನಮಗೆ ಶಿಕ್ಷೆಯಾಗಿದ್ದಿತು.

ಮುಂದೆ ಪಾಠಶಾಲೆಯಲ್ಲಿದ್ದಷ್ಟು ಕಾಲವೂ ಸುಗಂಧದ ಮಾತೇ ಇರಲಿಲ್ಲ. ಬ್ರಹ್ಮಚಾರಿಗೆ ಮನುಸ್ಮೃತಿಯು ವರ್ಜ್ಯವೆಂದು ಹೇಳುವ ವಸ್ತುಗಳಲ್ಲಿ ಗಂಧವೂ ಮಾಲ್ಯವೂ ಸೇರಿವೆ. ವಿದ್ಯೆ ಮುಗಿದು ಸಮಾವರ್ತನವಾಗುವಾಗ ಸ್ನಾನ ಮಾಡಿಸಿ, ಚಂದನಾದಿ ಲೇಪನಗಳನ್ನೂ ಮಾಲೆಯನ್ನೂ ಕೊಡುವ ವಿಧಿ ಗೃಹ್ಯಸೂತ್ರಗಳಲ್ಲಿದೆ. ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಶಾಸ್ತ್ರವು ಪರಿಮಳವನ್ನು ಪಾಪವೆಂದು ಎಣಿಸಿಲ್ಲ. ಒಂದು ಆಶ್ರಮದಲ್ಲಿ ತಡೆದು ಇನ್ನೊಂದರಲ್ಲಿ ಕೈಯಾರೆ ಕೊಡುತ್ತದೆ. ಉಪವಾಸವ್ರತಾದಿಗಳಲ್ಲಿ ಬಿಡಿಸಿ, ಪಾರಣೆಯ ನಂತರ ಮತ್ತೆ ಅನುಮತಿಸುತ್ತದೆ. ಏಕಾದಶಿಯಂದು ಹಣೆಯಲ್ಲಿ ಅಂಗಾರ ಮಾತ್ರವಿದ್ದು ಅಕ್ಷತೆ ಇಲ್ಲದಿರುವುದನ್ನು ಕಂಡ ಮನೆಯ ಮಕ್ಕಳು ಈ ಸೂಕ್ಷ್ಮವನ್ನು ತಮಗೆ ತಿಳಿಯದಂತೆಯೇ ಕಲಿತಿರುತ್ತಾರೆ. ಆದುದರಿಂದ ವಿಚಾರ ಮಾಡಬೇಕಾದದ್ದು ಪರಿಮಳ ಬೇಕೋ ಬೇಡವೋ ಎಂಬುದನ್ನಲ್ಲ. ಎಲ್ಲಿ, ಯಾವಾಗ, ಯಾರ ನಂತರ ಎಂಬುದನ್ನು.

ಈಗ ಪ್ರಸಂಗಕ್ಕೆ ಬರೋಣ. ನಮ್ಮ ಬಾಲ್ಯಸ್ನೇಹಿತರೊಬ್ಬರು ಕೆಲವು ವರ್ಷಗಳಿಂದ ಸಹಜದ್ರವ್ಯಗಳ ಸುಗಂಧಗಳನ್ನು ತಯಾರಿಸುವ ಕಲೆಯಲ್ಲಿ ತೊಡಗಿದ್ದಾರೆ. ಇದಕ್ಕಾಗಿ ಅವರು ಉತ್ತರ ಪ್ರದೇಶದ ಕನೌಜಿಗೂ ಹೋಗಿ ಬಂದವರು. ಅಲ್ಲಿಯ ಹಳೆಯ ಪದ್ಧತಿಯಲ್ಲಿ ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ಬೇರು ಮೊದಲಾದುವನ್ನು ನೀರಿನೊಡನೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯು ತಣ್ಣೀರಿನಲ್ಲಿ ಕುಳಿತಿರುತ್ತದೆ. ಅದರೊಳಗೆ ಶ್ರೀಗಂಧದ ಎಣ್ಣೆಯು ಮೊದಲೇ ಕಾದಿದ್ದು, ಬಂದ ಪರಿಮಳವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸ್ನೇಹಿತರು ಕಾರ್ತಿಕಮಾಸದ ಕೊನೆಯಲ್ಲಿ ನಮ್ಮಲ್ಲಿಗೆ ಬಂದಾಗ ತಾವೇ ಕೂಡಿಸಿದ ಒಂದು ಅತ್ತರಿನ ಚಿಕ್ಕ ಶೀಶೆಯನ್ನು ಕೊಟ್ಟರು. ಅದರಲ್ಲಿ ರಾಸಾಯನಿಕ ಕಾರ್ಖಾನೆಯ ವಸ್ತು ಒಂದೂ ಇಲ್ಲವೆಂದೂ, ಪುದೀನ, ಲುಬಾನ್ ಎಂಬ ಮರದಂಟು, ಅಗರು, ಶ್ರೀಗಂಧ ಇವು ಮುಖ್ಯವೆಂದೂ ತಿಳಿಸಿದರು. ಲುಬಾನ್ ಅರಬ್ ನಾಡಿನ ಓಮಾನಿನಲ್ಲಿಯೂ ಆಫ್ರಿಕದ ಸೊಮಾಲಿಯದಲ್ಲಿಯೂ ಬೆಳೆಯುವ ಮರದ ತೊಗಟೆಯನ್ನು ಕೆತ್ತಿದಾಗ ಹಾಲಿನಂತೆ ಒಸರಿ ಗಟ್ಟಿಯಾಗುವ ಅಂಟು. ಅದೇ ಕುಲದ ಸಲ್ಲಕೀವೃಕ್ಷವು ನಮ್ಮ ದೇಶದಲ್ಲಿಯೂ ಇದೆ. ಮರಕ್ಕೆ ಗಾಯವಾದಲ್ಲಿ ಮಾತ್ರ ಈ ಪರಿಮಳ ಹುಟ್ಟುತ್ತದೆ. ನಮ್ಮ ಮಲೆನಾಡಿನ ಹಾಲುಮಡ್ಡಿಯೂ ಹೀಗೆಯೇ ದೊರೆಯುವ ಧೂಪದ್ರವ್ಯ.

ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಸಹಪಾಠಿಗಳು ಹಾಕಿಕೊಳ್ಳುತ್ತಿದ್ದ ಪೇಟೆಯ ಸೆಂಟುಗಳ ಪರಿಚಯ ನಮಗಿತ್ತು. ಅವು ಬಾಗಿಲಿನಿಂದಲೇ ಕೂಗಿ ಕರೆಯುವಂಥವು. ಈ ಅತ್ತರು ಹಾಗಿರಲಿಲ್ಲ. ಒಂದು ಸಂಜೆ ಕಛೇರಿಯಿಂದ ಬಂದು, ಕೈಕಾಲು ತೊಳೆದು, ಮಣಿಕಟ್ಟಿಗೂ ಕಿವಿಯ ಹಿಂದೆಯೂ ಒಂದೊಂದು ಹನಿ ಹಚ್ಚಿಕೊಂಡೆವು. ಮೊದಲು ಎದ್ದದ್ದು ಪುದೀನ. ಅಡುಗೆಮನೆಯ ಹಿತ್ತಲಿನಲ್ಲಿ ಎಲೆಯನ್ನು ಹೊಸಕಿದಾಗ ಬರುವ ಹಸಿರು ವಾಸನೆ, ಅದರ ಹಿಂದೆಯೇ ಒಂದು ಚಳಿ. ಕಾಲು ಗಂಟೆಯೊಳಗೆ ಅದು ತಗ್ಗಿ, ನಿಂಬೆಯ ಸಿಪ್ಪೆಯನ್ನು ನೆನಪಿಸುವ ಹುಳಿಯೊಡನೆ ಧೂಪದ ಅಂಟು ತಲೆಯೆತ್ತಿತು. ಇನ್ನೂ ಸ್ವಲ್ಪ ಹೊತ್ತಿಗೆ ಆ ಹುಳಿ ಕರಗಿ ಹೊಗೆಯ ಛಾಯೆ ಬಂತು. ಕೆಂಡವಿಲ್ಲ, ಹೊಗೆಯೂ ಇಲ್ಲ. ಆದರೂ ಮಂಗಳಾರತಿ ಮುಗಿದು ಬಾಗಿಲು ಹಾಕಿದ ಗರ್ಭಗುಡಿಯ ಹೊಸ್ತಿಲಲ್ಲಿ ಕುಳಿತಂತೆ ಅನಿಸಿತು. ರಾತ್ರಿ ಮಲಗುವ ವೇಳೆಗೆ ಎಲ್ಲವೂ ಶಾಂತವಾಗಿ ಚರ್ಮದ ಮೇಲೆ ಶ್ರೀಗಂಧವೊಂದು ಹಾಲಿನ ಕೆನೆಯಂತೆ ಮಲಗಿತ್ತು. ಒಂದು ಪರಿಮಳವೆಂದು ಹಚ್ಚಿಕೊಂಡದ್ದು ಒಂದು ಸಂಜೆಯಲ್ಲಿ ನಾಲ್ಕು ಪರಿಮಳಗಳಾಗಿ ನಡೆದುಹೋಗಿತ್ತು. ಸತ್ಯವನ್ನೇ ಹೇಳಬೇಕಾದರೆ, ಮೂವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ನಮಗಾಗಿಯೇ ಒಂದು ಪರಿಮಳವನ್ನು ಆಘ್ರಾಣಿಸಿದ ಸಂತೋಷ ನಮ್ಮದಾಗಿತ್ತು.

ಈ ಕ್ರಮಕ್ಕೆ ಕಾರಣ ಸರಳವಾದದ್ದು. ಪುದೀನದ ಸಾರವು ಹಗುರ, ಬೇಗ ಆವಿಯಾಗುತ್ತದೆ. ಮರದಂಟು, ಅಗರು, ಶ್ರೀಗಂಧಗಳ ಸಾರದಲ್ಲಿ ಭಾರವಾದ ಅಂಶಗಳು ಹೆಚ್ಚು. ಅವು ಚರ್ಮವನ್ನು ಬೇಗ ಬಿಡುವುದಿಲ್ಲ, ತಮ್ಮೊಡನೆ ಇರುವ ಹಗುರವಾದವನ್ನೂ ಸ್ವಲ್ಪ ಕಾಲ ತಡೆದು ನಿಲ್ಲಿಸುತ್ತವೆ. ಈ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಗಳಾಗುತ್ತವೆಂದು ಲೆಕ್ಕ ಹಾಕಿದ್ದಾನೆ. ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿಲೇಪನವನ್ನೂ ಧೂಪವನ್ನೂ ರಾಜನ ಉಪಭೋಗಗಳಲ್ಲಿ ಎಣಿಸಿದ್ದಾನೆ. ಅರಮನೆಯ ಧೂಪ, ದೇವಾಲಯದ ಧೂಪ ಎರಡಕ್ಕೂ ದ್ರವ್ಯಗಳು ಬಹುಮಟ್ಟಿಗೆ ಒಂದೇ. ಹಾಗಾದರೆ ಒಂದನ್ನು ಭೋಗವೆಂದೂ ಇನ್ನೊಂದನ್ನು ಪೂಜೆಯೆಂದೂ ಕರೆಯುವುದೇಕೆ? ಈ ಪ್ರಶ್ನೆಗೆ ಉತ್ತರವು ನಮಗೆ ಗ್ರಂಥದಲ್ಲಿ ದೊರೆಯುವುದಕ್ಕೆ ಮೊದಲು ದೇವಾಲಯದಲ್ಲಿ ದೊರೆಯಿತು.

ಧನುರ್ಮಾಸದಲ್ಲಿ ನಮ್ಮಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಪೂಜೆ ಮುಗಿದು ಹುಗ್ಗಿಯ ನೈವೇದ್ಯವಾಗುತ್ತದೆ. ಹಗಲೆಲ್ಲ ಕಛೇರಿಯ ಕೆಲಸವಿದ್ದರೂ ಆ ತಿಂಗಳು ಪೂಜೆಗೆ ತಂದೆಯವರ ಜೊತೆಗೆ ನಾವು ಪರಿಚಾರಕರಾಗಿ ನಿಲ್ಲುತ್ತೇವೆ. ಅತ್ತರು ಹಚ್ಚಿಕೊಂಡ ಮರುದಿನ ಬೆಳಗಿನ ಜಾವ ಎಂದಿನಂತೆ ಬಾವಿಯ ತಣ್ಣೀರಿನಲ್ಲಿ ಸ್ನಾನ ಮಾಡಿ, ಮಡಿಯುಟ್ಟು, ದೇವಾಲಯಕ್ಕೆ ಹೋದೆವು. ಹಿಂದಿನ ಸಂಜೆಯ ವಿಷಯ ಮನಸ್ಸಿನಲ್ಲಿಯೇ ಇರಲಿಲ್ಲ. ನೀರು ತೊಳೆಯಬಹುದಾದದ್ದನ್ನು ತೊಳೆದಿತ್ತು. ಆದರೆ ಎಣ್ಣೆಯಲ್ಲಿ ಕೂತ ಧೂಪದ ಅಂಟನ್ನೂ ಶ್ರೀಗಂಧವನ್ನೂ ತಣ್ಣೀರು ಪೂರ್ತಿಯಾಗಿ ತೆಗೆಯಲಾರದು. ಧೂಪಕ್ಕೆ ಕೆಂಡ ಇನ್ನೂ ಸಿದ್ಧವಾಗಿರಲಿಲ್ಲ. ಅಭಿಷೇಕದ ನೀರನ್ನು ಹೊತ್ತು ಹೊಸ್ತಿಲು ದಾಟುತ್ತಿದ್ದಾಗ, ಪ್ರತಿದಿನ ಮೊದಲು ಬರುವ ವೃದ್ಧ ತಾಯಿಯೊಬ್ಬರು ಕಂಬದ ಬಳಿ ಕುಳಿತಿದ್ದವರು ಕಣ್ಣು ಮುಚ್ಚಿ ಕೈಜೋಡಿಸಿ, "ಆಚಾರ್ಯರೇ, ಇವತ್ತು ಧೂಪ ಎಷ್ಟು ಚೆನ್ನಾಗಿದೆ! ಸ್ವಾಮಿಯೇ ಎದುರು ಬಂದ ಹಾಗಾಯಿತು" ಎಂದರು.

ಧೂಪವಿನ್ನೂ ಹಾಕಿರಲಿಲ್ಲ. ಅವರು ಕೈಮುಗಿದದ್ದು ನಮ್ಮ ಕಿವಿಯ ಹಿಂದಿನ ಎಣ್ಣೆಯ ಹನಿಗೆ.

ಆ ಕ್ಷಣದಲ್ಲಿ ನಮಗೆ ಏನೆನಿಸಿತೆಂಬುದನ್ನು ಮುಚ್ಚಿಡುವುದಾದರೆ ಈ ಲೇಖನವನ್ನು ಬರೆಯುವ ಅಗತ್ಯವೇ ಇಲ್ಲ. ಮೊದಲು ಆದದ್ದು ನಾಚಿಕೆಯಲ್ಲ, ಸಂತೋಷ. ನಮ್ಮ ಪರಿಮಳವನ್ನು ಒಬ್ಬರು ಮೆಚ್ಚಿದರೆಂಬ ಸಂತೋಷ. ನಾಚಿಕೆ ಬಂದದ್ದು ಎರಡನೆಯ ಹೆಜ್ಜೆಯಲ್ಲಿ. ನಾವು ಏನನ್ನೂ ಹೇಳದೆ, ತಲೆಯಾಡಿಸಿ ಒಳಗೆ ಹೋದೆವು. ಆ ತಲೆಯಾಡಿಸುವಿಕೆಯೇ ಒಂದು ಸುಳ್ಳು.

ತಂದೆಯವರು ಇದನ್ನು ಗಮನಿಸಲಿಲ್ಲವೇ ಎಂದು ವಾಚಕರು ಕೇಳಬಹುದು. ಮೊದಲಾಗಿದ್ದರೆ ಗರ್ಭಗುಡಿಯ ಬಾಗಿಲಿನಲ್ಲಿಯೇ ನಮ್ಮನ್ನು ತಡೆಯುತ್ತಿದ್ದರು. ಕರ್ಪೂರದ ಬೆರಕೆಯನ್ನು ಪೊಟ್ಟಣ ಬಿಚ್ಚುವ ಮೊದಲೇ ಹೇಳುತ್ತಿದ್ದ ಮೂಗು ಅವರದು. 2021ರಲ್ಲಿ ಕೊರೋನಾ ಜ್ವರ ಬಂದು ಹೋದಾಗ ಅವರ ಘ್ರಾಣಶಕ್ತಿಯೂ ಹೋಯಿತು. ಅನೇಕರಿಗೆ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಮರಳಿದ ಆ ಶಕ್ತಿ ಅವರಿಗೆ ಮರಳಲಿಲ್ಲ. ಅಂದಿನಿಂದ ಅವರು ಸಾಣೆಕಲ್ಲಿನ ಮೇಲೆ ಕೊರಡನ್ನು ತೇಯ್ದು ಗಂಧವನ್ನರ್ಪಿಸುವುದು, ಧೂಪವನ್ನೆತ್ತುವುದು ಎಲ್ಲವೂ ಏನೂ ವಾಸನೆಯಿಲ್ಲದ ಲೋಕದಲ್ಲಿ. ಯಾರಾದರೂ ಮರುಕಪಟ್ಟರೆ ಅವರು ಹೇಳುವ ಮಾತು ಒಂದೇ: "ಅರ್ಪಿಸುವ ಮೊದಲು ಮೂಸಬಾರದು ತಾನೆ? ಹಾಗಿದ್ದ ಮೇಲೆ ನನಗೆ ವಾಸನೆ ಬಂದರೇನು, ಬಾರದಿದ್ದರೇನು?"

ಮೂರು ದಿನ ನಾವು ಮನಸ್ಸಿನಲ್ಲಿಯೇ ವಾದ ಮಾಡಿಕೊಂಡೆವು. ಬಿ.ಎ. ಓದಿದವನಿಗೆ ವಾದಗಳಿಗೆ ಕೊರತೆಯಿಲ್ಲ. ಪೃಥಿವಿಯಲ್ಲಿರುವ ಪುಣ್ಯವಾದ ಗಂಧವು ತಾನೇ ಎಂದು ಭಗವಂತನು ಗೀತೆಯ ಏಳನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಡಿಸಿದ್ದಾನಲ್ಲವೇ? ಮರದಂಟಿನೊಳಗೂ, ಶ್ರೀಗಂಧದೊಳಗೂ, ಪುದೀನದೊಳಗೂ ನಿಂತು ಪರಿಮಳವನ್ನು ನಿಯಮಿಸುವವನು ಅವನೇ ಆದ ಮೇಲೆ, ಆ ತಾಯಿ ಸ್ವಾಮಿಯೆಂದು ಕೈಮುಗಿದದ್ದರಲ್ಲಿ ತಪ್ಪೇನು? ನಾವು ಬಾಯಿ ಮುಚ್ಚಿಕೊಂಡಿದ್ದರೆ ಅವರ ಭಕ್ತಿಗೆ ಭಂಗವಿಲ್ಲ, ನಮಗೂ ಮಾನಭಂಗವಿಲ್ಲ. ಈ ವಾದ ಎಷ್ಟು ಸುಖವಾಗಿತ್ತೆಂದರೆ, ಸುಖವಾಗಿರುವ ಕಾರಣದಿಂದಲೇ ಅದರ ಮೇಲೆ ಸಂಶಯ ಬಂದಿತು.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಈ ವಾದಕ್ಕೆ ಎಡೆಯಿಲ್ಲ. ಭಗವಂತನು ಸ್ವತಂತ್ರನು, ಉಳಿದೆಲ್ಲವೂ ಅವನ ಅಧೀನ. ಅವನು ಒಂದು ವಸ್ತುವಿನೊಳಗಿದ್ದು ಅದನ್ನು ನಡೆಸುತ್ತಾನೆಂದ ಮಾತ್ರಕ್ಕೆ ಆ ವಸ್ತುವೇ ಅವನಾಗುವುದಿಲ್ಲ. ಭೇದವು ಸತ್ಯ. ಗಂಧದಲ್ಲಿ ಅವನ ಸನ್ನಿಧಾನವನ್ನು ಚಿಂತಿಸುವುದು ಉಪಾಸನೆ. ನನ್ನ ಮೈಯ ಅಲಂಕಾರವನ್ನು ಅವನ ಪೂಜೆಯೆಂದು ಇನ್ನೊಬ್ಬರು ತಿಳಿದಾಗ ಸುಮ್ಮನಿದ್ದು ಅದನ್ನು ಒಪ್ಪಿಕೊಳ್ಳುವುದು ವಂಚನೆ. ಹನಿ ಚಿಕ್ಕದು, ವಂಚನೆಯೂ ಚಿಕ್ಕದು. ಆದರೆ ಅವನಿಗೆ ಸಲ್ಲಬೇಕಾದದ್ದು ನಮ್ಮತ್ತ ತಿರುಗಿದಾಗ ಅದನ್ನು ಇಟ್ಟುಕೊಳ್ಳುವ ಬುದ್ಧಿ ದೊಡ್ಡ ಅಪರಾಧಗಳಲ್ಲಿಯೂ ಇದೇ, ಸಣ್ಣದರಲ್ಲಿಯೂ ಇದೇ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಅರ್ಪಿಸದೆ ತಾನೇ ಭೋಗಿಸುವವನನ್ನು ಗೀತೆಯು ಮೂರನೆಯ ಅಧ್ಯಾಯದಲ್ಲಿ ಕಳ್ಳನೆಂದೇ ಕರೆಯುತ್ತದೆ.

ಇಲ್ಲಿ ಪುದೀನವೇ ನಮಗೆ ಒಂದು ಪಾಠವನ್ನು ಹೇಳಿತು. ಪುದೀನವನ್ನು ಹಚ್ಚಿದಾಗ ಆಗುವ ಚಳಿ ನಿಜವಾಗಿ ಚರ್ಮವು ತಣ್ಣಗಾದ್ದರಿಂದ ಬಂದದ್ದಲ್ಲ. ಅದರಲ್ಲಿರುವ ಮೆಂಥಾಲ್ ಎಂಬ ಅಂಶವು, ಶೀತವನ್ನು ತಿಳಿಸಬೇಕಾದ ನರಗಳ ತುದಿಯಲ್ಲಿರುವ ಗ್ರಾಹಕವನ್ನೇ ಎಚ್ಚರಿಸಿ ಚಳಿಯ ಅನುಭವವನ್ನುಂಟುಮಾಡುತ್ತದೆ. ಈ ಗ್ರಾಹಕವನ್ನು ಮೆಂಥಾಲಿನ ಸಹಾಯದಿಂದಲೇ ಕಂಡುಹಿಡಿದವರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿಗಳು ಪ್ರಮುಖರು. ಉಷ್ಣ, ಸ್ಪರ್ಶಗಳ ಗ್ರಾಹಕಗಳ ಕುರಿತ ಶೋಧಗಳಿಗಾಗಿ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಾಗಾದರೆ ಪುದೀನದ ಚಳಿ ಸುಳ್ಳೇ? ನಮ್ಮ ಶಾಸ್ತ್ರದ ದೃಷ್ಟಿಯಿಂದ ನಿಧಾನವಾಗಿ ನೋಡಿದರೆ, ಅನುಭವವು ಇಲ್ಲದ್ದಲ್ಲ, ಅದನ್ನುಂಟುಮಾಡಿದ ವಸ್ತುವೂ ಇಲ್ಲದ್ದಲ್ಲ. ತಪ್ಪಿರುವುದು "ಚರ್ಮ ತಣ್ಣಗಾಗಿದೆ" ಎಂಬ ನಿಶ್ಚಯದಲ್ಲಿ. ಇದ್ದದ್ದನ್ನು ಇದ್ದಂತೆ ತಿಳಿಯುವುದು ಯಥಾರ್ಥಜ್ಞಾನ, ಬೇರೊಂದಾಗಿ ತಿಳಿಯುವುದು ಭ್ರಮೆ. ಶ್ರೀಜಯತೀರ್ಥರ ಪ್ರಮಾಣಪದ್ಧತಿಯನ್ನು ಓದಿದವರಿಗೆ ಈ ವಿವೇಕ ಹೊಸತಲ್ಲ.

ಆ ತಾಯಿಯ ವಿಷಯವೂ ಹೀಗೆಯೇ. ಅವರಿಗೆ ಬಂದ ಪರಿಮಳ ನಿಜ. ಅವರ ಮೂಗಿನಲ್ಲಿ ದೋಷವಿಲ್ಲ, ಭಕ್ತಿಯಲ್ಲಿ ಮೊದಲೇ ಇಲ್ಲ. "ಇದು ದೇವರ ಧೂಪ" ಎಂಬಷ್ಟು ಮಾತ್ರ ಅನ್ಯಥಾ. ಆ ಅನ್ಯಥಾಜ್ಞಾನಕ್ಕೆ ಕಾರಣವಾದ ದೋಷ ಅವರಲ್ಲಿರಲಿಲ್ಲ, ನಮ್ಮಲ್ಲಿತ್ತು. ಹಗ್ಗವು ಹಾವಾಗಿ ಕಂಡಾಗ ಹಗ್ಗಕ್ಕೆ ಬಾಯಿಯಿಲ್ಲ, ತಾನು ಹಾವಲ್ಲವೆಂದು ಹೇಳಲಾರದು. ನಮಗೆ ಬಾಯಿಯಿತ್ತು. ಬಾಯಿಯಿದ್ದೂ ಹಗ್ಗದಂತೆ ಬಿದ್ದಿದ್ದೆವು. ಈ ವಿಚಾರವು ತಲೆಗೆ ಹೊಳೆದ ಮೇಲೆ ಮತ್ತೆ ವಾದ ಮಾಡಲು ಒಳಗಿನ ಸಾಕ್ಷಿಯು ಒಪ್ಪಲಿಲ್ಲ.

ಮೂರನೆಯ ದಿನ ರಾತ್ರಿ ತಂದೆಯವರಿಗೆ ಎಲ್ಲವನ್ನೂ ತಿಳಿಸಿದೆವು. ಅವರು ಕೋಪಿಸಿಕೊಳ್ಳುವರೆಂದು ನಿರೀಕ್ಷಿಸಿದ್ದೆವು. ಅವರು ಕೇಳಿದ್ದು ಬೇರೆಯೇ.

"ಅದು ಹೇಗಿರುತ್ತದೆ ಮಗೂ? ಹೇಳು, ಕೇಳೋಣ."

ನಾವು ಶೀಶೆಯನ್ನು ತಂದು, ಮೇಲೆ ಬರೆದ ಕ್ರಮದಲ್ಲಿಯೇ, ಮೊದಲು ಪುದೀನ, ಆಮೇಲೆ ನಿಂಬೆಯ ಹುಳಿ, ಆಮೇಲೆ ಹೊಗೆ, ಕೊನೆಗೆ ಗಂಧ ಎಂದು ವಿವರಿಸಿದೆವು. ಅವರು ಶೀಶೆಯನ್ನು ತೆಗೆದುಕೊಂಡು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. "ವಾಸನೆ ಏನೂ ಇಲ್ಲ" ಎಂದರು. ಮತ್ತೊಮ್ಮೆ ಉಸಿರೆಳೆದುಕೊಂಡು, "ಆದರೆ ತಣ್ಣಗಿದೆ. ಒಳಗೆಲ್ಲ ತಣ್ಣಗಾಗುತ್ತಿದೆ" ಎಂದರು. ಅವರ ಮುಖದಲ್ಲಿ ಕಂಡ ಆಶ್ಚರ್ಯವನ್ನು ನಾವು ಮರೆಯುವಂತಿಲ್ಲ. ಪರಿಮಳವನ್ನು ತಿಳಿಸುವ ನರವೇ ಬೇರೆ, ಮೂಗಿನೊಳಗೆ ಶೀತವನ್ನೂ ಸ್ಪರ್ಶವನ್ನೂ ತಿಳಿಸುವ ನರವೇ ಬೇರೆಯಾದ್ದರಿಂದ, ಘ್ರಾಣವು ಹೋದವರಿಗೂ ಪುದೀನದ ಚಳಿ ತಿಳಿಯಬಹುದಂತೆ. ಘ್ರಾಣೇಂದ್ರಿಯ ಕೈಬಿಟ್ಟಲ್ಲಿ ತ್ವಗಿಂದ್ರಿಯವು ಒಂದಿಷ್ಟು ಸುದ್ದಿಯನ್ನು ತಂದಿತ್ತು. ಅಷ್ಟು ವರ್ಷಗಳ ನಂತರ ಆ ದಾರಿಯಿಂದ ಅವರಿಗೆ ಬಂದ ಮೊದಲ ಸುದ್ದಿ ಅದು.

ಸ್ವಲ್ಪ ಹೊತ್ತಿನ ಮೇಲೆ ಅವರು ಶೀಶೆಯ ಮುಚ್ಚಳವನ್ನು ಹಾಕಿ ಹಿಂದಕ್ಕೆ ಕೊಟ್ಟು, "ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಇದು ನಿನ್ನದು. ನಿನ್ನದನ್ನು ನಿನ್ನದೆಂದು ಹೇಳಿಬಿಡು, ಆಯಿತು" ಎಂದರು. ಸಂಪಿಗೆಯ ಹೂವನ್ನು ಅಂಗೈಯಲ್ಲಿಟ್ಟಾಗ ಹೇಳಿದ ಮಾತೇ ಇದು. ಅಂದು ಅದು ನಿಷೇಧವೆಂದು ತಿಳಿದಿದ್ದೆವು. ಲೆಕ್ಕವನ್ನು ಶುದ್ಧವಾಗಿಡುವ ಉಪದೇಶವೆಂದು ಈಗ ತಿಳಿಯಿತು.

ಮರುದಿನ ಪೂಜೆಯಾದ ಮೇಲೆ ತೀರ್ಥ ಕೊಡುವಾಗ ಆ ತಾಯಿಗೆ ನಿಜವನ್ನು ಹೇಳಿದೆವು. ಅವರು ನಗುವರೋ, ನೊಂದುಕೊಳ್ಳುವರೋ ಎಂಬ ಭಯವಿತ್ತು. ಅವರು ತೀರ್ಥವನ್ನು ಕಣ್ಣಿಗೊತ್ತಿಕೊಂಡು ನಿಧಾನವಾಗಿ, "ಇರಲಿ ಆಚಾರ್ಯರೇ. ವಾಸನೆ ಎಲ್ಲಿಂದ ಬಂದರೂ ನಾನು ನೆನೆದದ್ದು ಕೃಷ್ಣನನ್ನೇ. ಆಗ ನೀವು ಯಾರನ್ನು ನೆನೆದಿರಿ?" ಎಂದರು. ಅವರ ಧ್ವನಿಯಲ್ಲಿ ಕುಟುಕು ಇರಲಿಲ್ಲ. ನಮ್ಮಲ್ಲಿ ಉತ್ತರವೂ ಇರಲಿಲ್ಲ.

ಈ ಪ್ರಸಂಗದ ನಂತರ ಶ್ರೀಮದ್ಭಾಗವತದ ಕೆಲವು ಕಥೆಗಳು ನಮಗೆ ಹೊಸದಾಗಿ ಅರ್ಥವಾದವು. ಮಥುರೆಯ ಬೀದಿಯಲ್ಲಿ ತ್ರಿವಕ್ರೆಯು ಅಂಗಲೇಪನಗಳನ್ನು ಹಿಡಿದು ಹೊರಟದ್ದು ಕಂಸನಿಗಾಗಿ. ದಾರಿಯಲ್ಲಿ ಶ್ರೀಕೃಷ್ಣನು ಕೇಳಿದನು, ಅವಳು ಕೊಟ್ಟಳು. ಲೇಪನ ಅದೇ, ತಯಾರಿಸಿದ ಕೈಯೂ ಅದೇ. ಸಲ್ಲಿದ ಸ್ಥಳ ಮಾತ್ರ ಬದಲಾಯಿತು, ಅವಳ ಬಾಗಿದ ಮೈ ನೆಟ್ಟಗಾಯಿತು. ಅರಮನೆಯ ಧೂಪಕ್ಕೂ ದೇವಾಲಯದ ಧೂಪಕ್ಕೂ ಇರುವ ಭೇದವೇನೆಂದು ಹಿಂದೆ ಕೇಳಿಕೊಂಡ ಪ್ರಶ್ನೆಗೆ ಇದೇ ಉತ್ತರವೆಂದು ನಮಗೆ ತೋರುತ್ತದೆ. ಭೇದವು ದ್ರವ್ಯದಲ್ಲಿಲ್ಲ, ಅದು ಮೊದಲು ಯಾರನ್ನು ಸೇರಿತೆಂಬುದರಲ್ಲಿದೆ. ಇನ್ನು ಉದ್ಧವನು, ಸ್ವಾಮಿಯು ಧರಿಸಿ ಬಿಟ್ಟ ಮಾಲೆ, ಗಂಧ, ವಸ್ತ್ರ, ಆಭರಣಗಳನ್ನು ಧರಿಸುತ್ತಲೇ ಮಾಯೆಯನ್ನು ಗೆಲ್ಲುತ್ತೇವೆಂದು ಧೈರ್ಯವಾಗಿ ಹೇಳುತ್ತಾನೆ. ಗಂಧವನ್ನು ತ್ಯಜಿಸುತ್ತೇವೆಂದು ಅವನು ಹೇಳಲಿಲ್ಲ. ಅವನ ನಂತರ ಧರಿಸುತ್ತೇವೆಂದನು. ಅಂಬರೀಷನು ತನ್ನ ಮೂಗನ್ನು ಮುಚ್ಚಿಕೊಳ್ಳಲಿಲ್ಲ, ಸ್ವಾಮಿಯ ಪಾದದ ತುಳಸಿಯ ಪರಿಮಳದಲ್ಲಿ ತೊಡಗಿಸಿದನು. ಬ್ರಹ್ಮನಿಷ್ಠರಾದ ಸನಕಾದಿಗಳ ಮನಸ್ಸನ್ನು ವೈಕುಂಠದಲ್ಲಿ ಕಲಕಿದ್ದು ಕೂಡ ಆ ತುಳಸಿಯ ಗಾಳಿಯೇ. ಘ್ರಾಣೇಂದ್ರಿಯಕ್ಕೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ?

ಶ್ರೀವೈಷ್ಣವ ಪರಂಪರೆಯ ಆಂಡಾಳ್ ದೇವಿಯು ಸ್ವಾಮಿಗೆ ಕಟ್ಟಿದ ಮಾಲೆಯನ್ನು ತಾನು ಮೊದಲು ಧರಿಸಿ ನೋಡಿದ ಕಥೆಯನ್ನು ಕೆಲವರು ನಮಗೆ ನೆನಪಿಸಬಹುದು. ಧನುರ್ಮಾಸದಲ್ಲಿ ಆ ಹೆಸರು ದಕ್ಷಿಣದೇಶದಲ್ಲೆಲ್ಲ ಕೇಳಿಬರುವುದು ಸಹಜವೇ. ಆದರೆ ಆಕೆ ಧರಿಸಿದ್ದು ತಾನು ಅವನಿಗೆ ತಕ್ಕವಳೋ ಎಂದು ನೋಡಿಕೊಳ್ಳಲು. ನಾವು ಹಚ್ಚಿಕೊಂಡದ್ದು ನಮಗೆ ಏನು ತಕ್ಕದ್ದೆಂದು ನೋಡಿಕೊಳ್ಳಲು. ಅಂಥ ಪ್ರೇಮವುಳ್ಳವರ ನಡತೆಯನ್ನು ನಮ್ಮ ಚಪಲಕ್ಕೆ ಆಧಾರವಾಗಿ ತೋರಿಸುವುದು ಸರಿಯಲ್ಲ.

ಇಷ್ಟೆಲ್ಲ ಬರೆದ ಮೇಲೆ, ಆ ಶೀಶೆಯನ್ನು ಏನು ಮಾಡಿದಿರಿ ಎಂದು ಸಜ್ಜನರು ಕೇಳುವುದು ನ್ಯಾಯವಾಗಿದೆ. ಎಸೆಯಲಿಲ್ಲ. ಎಸೆದಿದ್ದರೆ ತಪ್ಪು ಅತ್ತರಿನದೆಂದು ಹೇಳಿದಂತಾಗುತ್ತಿತ್ತು. ಮರದ ಗಾಯದಿಂದ ಒಸರಿದ ಅಂಟು, ಈಗ ವಿರಳವಾಗುತ್ತಿರುವ ಶ್ರೀಗಂಧ, ಸ್ನೇಹಿತರ ಶ್ರಮ, ಇವುಗಳಿಗೆ ಅದು ಅವಮಾನ. ಹಾಗೆಂದು ಅದನ್ನು ದೇವರಿಗೂ ಅರ್ಪಿಸಲಿಲ್ಲ. ನಾವು ಮೊದಲೇ ಭೋಗಿಸಿದ ವಸ್ತುವದು. "ದೇವರಿಗೆ ನಾವು ತೇಯುವ ಗಂಧವಿದೆ, ಹಿರಿಯರು ನಡೆಸಿಕೊಂಡು ಬಂದದ್ದು ಸಾಕು" ಎಂದು ತಂದೆಯವರೂ ಹೇಳಿದರು. ಧನುರ್ಮಾಸವು ಮುಗಿಯುವವರೆಗೆ ಅದನ್ನು ಮುಟ್ಟಲಿಲ್ಲ. ಈಗ ಎಂದಾದರೊಮ್ಮೆ, ಮರುದಿನ ದೇವಾಲಯದ ಕೆಲಸವಿಲ್ಲದ ಸಂಜೆ, ಒಂದು ಹನಿಯನ್ನು ಹಚ್ಚಿಕೊಳ್ಳುತ್ತೇವೆ. ಹಚ್ಚಿಕೊಳ್ಳುವ ಮೊದಲು, ಇದರೊಳಗಿನ ಪರಿಮಳ ಯಾರ ಅಧೀನವೆಂಬುದನ್ನು ನೆನೆಯುತ್ತೇವೆ. ಯಾರಾದರೂ ಮೆಚ್ಚಿದರೆ, ಇದು ಅತ್ತರು ಎಂದು ಹೇಳಿಬಿಡುತ್ತೇವೆ. ಬೆಳಗಿನ ಕಾಫಿಯನ್ನು ಬಿಡಲಾರದ ಅನೇಕ ಮನೆಗಳವರಿಗೆ ಇಂಥ ಒಪ್ಪಂದದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇದು ಉತ್ತಮಪಕ್ಷವೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಯೋಗ್ಯತೆಗೆ ಸದ್ಯಕ್ಕೆ ನಿಲುಕಿದ್ದು ಇಷ್ಟು. ಗಾಳಿಯು ಹೂವಿನ ನೆಲೆಯಿಂದ ಗಂಧವನ್ನು ಹೊತ್ತೊಯ್ಯುವಂತೆ ಜೀವನು ದೇಹವನ್ನು ಬಿಡುವಾಗ ಇಂದ್ರಿಯಗಳನ್ನು ಕೊಂಡೊಯ್ಯುವನೆಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿದೆ. ಹೊತ್ತೊಯ್ಯುವಾಗ ಯಾವ ವಾಸನೆ ಜೊತೆಗಿರಬೇಕೆಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಒಂದು ಮಾತು ಉಳಿದಿದೆ. ವಾಸನೆ ಬಾರದಿದ್ದರೇನು ಎಂದು ಧೈರ್ಯವಾಗಿ ಹೇಳುತ್ತಿದ್ದ ತಂದೆಯವರು ಆ ರಾತ್ರಿ ಇನ್ನೊಂದು ಮಾತನ್ನೂ ಹೇಳಿದ್ದರು: "ಅರ್ಪಿಸುವಾಗ ಏನೂ ಕೊರತೆಯಿಲ್ಲ. ಪೂಜೆಯಾದ ಮೇಲೆ ಪ್ರಸಾದದ ಗಂಧವನ್ನು ಹಚ್ಚಿಕೊಳ್ಳುವಾಗ ಮಾತ್ರ ಒಮ್ಮೊಮ್ಮೆ ನೆನಪಾಗುತ್ತದೆ." ಅಂದಿನಿಂದ ನಮ್ಮಲ್ಲಿ ಒಂದು ಹೊಸ ಪದ್ಧತಿ ಬೆಳೆದಿದೆ. ಮಂಗಳಾರತಿಯಾಗಿ, ತೀರ್ಥಪ್ರಸಾದಗಳು ಮುಗಿದು, ಜನರು ಚದುರಿದ ಮೇಲೆ ತಂದೆಯವರು ಹೊಸ್ತಿಲ ಹೊರಗೆ ಕುಳಿತು ಸ್ವಾಮಿಗೆ ಸಲ್ಲಿದ ಗಂಧವನ್ನು ಹಚ್ಚಿಕೊಂಡು, "ಇವತ್ತು ಹೇಗಿದೆ?" ಎಂದು ಕೇಳುತ್ತಾರೆ. ಅವನು ಸ್ವೀಕರಿಸಿದ ನಂತರ ಬಂದದ್ದಾದ್ದರಿಂದ ಈಗ ಮೂಸಿದರೆ ದೋಷವಿಲ್ಲ. ನಾವು ಬಗ್ಗಿ ಆಘ್ರಾಣಿಸಿ, ಕೊರಡು ಹಳೆಯದಾಗಿದ್ದರೆ ಹಾಗೆಂದೂ, ಚೆನ್ನಾಗಿದ್ದರೆ ಚೆನ್ನಾಗಿದೆಯೆಂದೂ, ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು